ಗುರುವಾರದ ಕರೆ

ನನ್ನನ್ನು ದಿನಾ ಬೆಳಿಗ್ಗೆ ಕರೆಯುವವರು ಪಕ್ಕದ ಮನೆಯ ದೇವೀರಮ್ಮ. ಹಿತ್ತಿಲ ಗೋಡೆಯ ಮೇಲೆ ಮೊಣಕೈ ಊರಿ, ನನ್ನ ಕೋಣೆಯ ಕಿಟಕಿಯತ್ತ ಮುಖ ಮಾಡಿ, "ಇಂದುಮತೀ" ಎನ್ನುತ್ತಾರೆ. ಡಾಕ್ಟರೆಂದಾಗಲಿ ಮೇಡಂ ಎಂದಾಗಲಿ ಸೇರಿಸುವುದಿಲ್ಲ. ಕರೆಯುವಾಗ ಬರೀ ಹೆಸರು, ಒಂದೇ ಸಲ, ಬಿಡಿಸಿ ಹೇಳಬೇಕು. ಅದು ಕಿವಿಗೆ ಬಿದ್ದ ಮೇಲೆ ನಾನು ಇಂದುಮತಿಯಾಗಿ ಎದ್ದು, ಹಾಸಿಗೆ ಮಡಚಿ, ಗ್ಯಾಸಿನ ರೆಗ್ಯುಲೇಟರ್ ಬಂದಾಗಿದೆಯೇ ಎಂದು ಮುಟ್ಟಿ ನೋಡಿ, ಹಲ್ಲುಜ್ಜಲು ಹೋಗುತ್ತೇನೆ. ಅದಕ್ಕೂ ಮುಂಚೆ ಆ ಹಾಸಿಗೆಯ ಮೇಲೆ ಕಣ್ಣು ಬಿಟ್ಟು ಮಲಗಿರುವ ಹೆಂಗಸು ಯಾರೂ ಅಲ್ಲ.

ಈ ಊರಿನಲ್ಲಿ ಎಲ್ಲರೂ ಹಾಗೆಯೇ. ನಿದ್ದೆಯಿಂದ ಕಣ್ಣು ಬಿಟ್ಟವರು ಯಾರಾದರೂ ಹೆಸರು ಹಿಡಿದು ಕರೆಯುವ ತನಕ ಸುಮ್ಮನೆ ಇರುತ್ತಾರೆ. ಯಾವ ಹೆಸರು ಕರೆದರೋ ಆ ಹೆಸರಿನವರಾಗಿ ಏಳುತ್ತಾರೆ, ಮತ್ತೆ ನಿದ್ದೆ ಹೋಗುವವರೆಗೆ ಅವರೇ ಆಗಿರುತ್ತಾರೆ. ಪ್ರತಿ ಬೀದಿಯಲ್ಲೂ ಸರದಿಯ ಮೇಲೆ ಒಬ್ಬರು ರಾತ್ರಿಯಿಡೀ ಜಾಗರ ಇರುತ್ತಾರೆ. ಬೆಳಕು ಹರಿಯುವಾಗ ಅವರು ಮೊದಲನೆಯ ಮನೆಯವರನ್ನು ಕರೆಯುತ್ತಾರೆ, ಮೊದಲನೆಯ ಮನೆಯವರು ಎರಡನೆಯ ಮನೆಯವರನ್ನು ಕರೆಯುತ್ತಾರೆ, ಹೀಗೆ ಕರೆ ಮನೆಯಿಂದ ಮನೆಗೆ ನಡೆದು ಬರುತ್ತದೆ. ನಮ್ಮ ಬೀದಿಯಲ್ಲಿ ನನ್ನದು ಕೊನೆಯ ಮನೆ. ನನಗಿಂತ ಹಿಂದಿನದು ದೇವೀರಮ್ಮನದು, ಅವರಿಗಿಂತ ಹಿಂದಿನದು ಮಾದಪ್ಪನವರದು. ನಾನು ಯಾರನ್ನೂ ಕರೆಯಬೇಕಾದ್ದಿಲ್ಲ. ಬಂದ ಹೊಸದರಲ್ಲಿ ಇದು ಅನುಕೂಲ ಎಂದುಕೊಂಡಿದ್ದೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಅಂಗಡಿಯಲ್ಲಿ ಒಬ್ಬರೇ ಇದ್ದಾಗ ಯಾರೂ ತೂಕಡಿಸುವುದಿಲ್ಲ. ಬಸ್ಸಿನ ಕಂಡಕ್ಟರು ಟಿಕೆಟಿನ ಜೊತೆ ಹೆಸರನ್ನೂ ಕೇಳಿಕೊಳ್ಳುತ್ತಾನೆ. ಸಂಬಂಧ ನೋಡುವಾಗ ಹೆಣ್ಣಿನ ಕಡೆಯವರು ಹುಡುಗನ ಕೆಲಸ ವಿಚಾರಿಸುವ ಮುಂಚೆ ಅವನ ದನಿ ಹೇಗಿದೆ ಎಂದು ವಿಚಾರಿಸುತ್ತಾರೆ. ಗಂಡ ಹೆಂಡತಿಯ ಜಗಳ ಜೋರಾದರೆ ಮಾರನೆಯ ಬೆಳಿಗ್ಗೆ ಕರೆ ತಡವಾಗುತ್ತದೆ. "ಇವತ್ತು ನಿಮ್ಮನೆಯಲ್ಲಿ ಬಿಸಿಲು ಬಂದ ಮೇಲೆ ಎದ್ದರಂತೆ?" ಎಂದು ನಲ್ಲಿಯ ಹತ್ತಿರ ಯಾರಾದರೂ ಕೇಳಿದರೆ ಸಾಕು, ಉಳಿದವರಿಗೆ ಅರ್ಥವಾಗುತ್ತದೆ.

ನಾನು ಇಲ್ಲಿಗೆ ಬಂದದ್ದು ಕರೆಗೆ ಮುಂಚಿನ ಆ ಹೊತ್ತಿಗಾಗಿ. ಓದಿದ್ದು ದೊಡ್ಡ ಊರಿನ ದೊಡ್ಡ ಸಂಸ್ಥೆಯಲ್ಲಿ, ಮಿದುಳಿನ ಬಗ್ಗೆ. ಅಲ್ಲಿ ಮೂರ್ಛೆರೋಗದವರನ್ನು ನೋಡಿಕೊಳ್ಳುವಾಗ, ಫಿಟ್ಸ್ ನಿಂತ ಮೇಲೆ ಅವರು ಕಣ್ಣು ತೆರೆದು ಮಲಗಿರುವುದನ್ನು ನೋಡುತ್ತಿದ್ದೆ. ಹೆಸರು ಕೇಳಿದರೆ ಗೊತ್ತಿಲ್ಲ, ತಾಯಿಯ ಗುರುತಿಲ್ಲ, ಆದರೂ ಕಣ್ಣಿನಲ್ಲಿ ಏನೋ ಇತ್ತು. ನಮ್ಮ ಪ್ರೊಫೆಸರು ನಗುತ್ತಿದ್ದರು. "ಅಲ್ಲಿ ಏನೂ ಇಲ್ಲ ಇಂದುಮತಿ. ಬೀಗ ತೆಗೆಯೋ ಮುಂಚಿನ ಆಫೀಸು ಅದು. ಕುರ್ಚಿ ಮೇಜು ಇರುತ್ತೆ, ಜನ ಇರಲ್ಲ." ನನಗೆ ನಂಬಿಕೆ ಬರಲಿಲ್ಲ. ಬೀಗ ಹಾಕಿದ ಕೋಣೆಯೊಳಗೆ ಯಾರೂ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಕಿವಿಗೊಟ್ಟು ಕೇಳುವ ಜಾತಿಯವಳು. ಈ ಊರಿನ ಸುದ್ದಿ ತಿಳಿದ ದಿನವೇ ಇಲ್ಲಿನ ಆಸ್ಪತ್ರೆಗೆ ವರ್ಗ ಕೇಳಿದೆ.

ಬಹಳ ಜನರ ತಲೆಗೆ ತಂತಿ ಅಂಟಿಸಿದೆ. ಯಂತ್ರದ ಗೆರೆಗಳಲ್ಲಿ ಕರೆಗೆ ಮುಂಚಿಗೂ ಕರೆಯ ನಂತರಕ್ಕೂ ವ್ಯತ್ಯಾಸವೇ ಇರಲಿಲ್ಲ. ಅಥವಾ ವ್ಯತ್ಯಾಸ ಕಾಣುವಷ್ಟು ಹೊತ್ತು ನನಗೆ ಸಿಗಲಿಲ್ಲ. ಮಂಚದ ಪಕ್ಕದಲ್ಲಿ ಯಾವಾಗಲೂ ಮನೆಯವರೊಬ್ಬರು ನಿಂತಿರುತ್ತಿದ್ದರು, ಬಾಯಲ್ಲಿ ಹೆಸರು ಹಿಡಿದುಕೊಂಡು. "ಇನ್ನೊಂದು ಸ್ವಲ್ಪ ತಡೀರಿ" ಎಂದರೆ, "ನಿಮ್ಮ ಮನೆಯವರಾಗಿದ್ರೆ ತಡೀತಿದ್ರಾ ಮೇಡಂ?" ಎನ್ನುತ್ತಿದ್ದರು. ನಾನು ಕಳಿಸಿದ ಪ್ರಬಂಧಗಳು ವಾಪಸು ಬಂದವು. ಈ ಊರು ಎಲ್ಲಿದೆ ತಿಳಿಸಿ ಎಂದು ಕೇಳಿದ್ದರು. ಆಮೇಲೆ ಸಂಶೋಧನೆ ತಾನಾಗಿ ಹಿಂದೆ ಬಿತ್ತು. ರೋಗಿಗಳು ಇದ್ದರಲ್ಲ. ಊಟ ಬಿಟ್ಟು ಗೋಡೆ ನೋಡಿಕೊಂಡು ಕೂತ ಹೆಂಗಸರು, ಯಾರೋ ಬೈಯುತ್ತಿದ್ದಾರೆಂದು ಕಿವಿ ಮುಚ್ಚಿಕೊಂಡ ಗಂಡಸರು, ಮೊಮ್ಮಕ್ಕಳ ಹೆಸರು ಅದಲುಬದಲು ಮಾಡುವ ಮುದುಕರು. ಈ ಊರಿನಲ್ಲಿ ಆ ಕೊನೆಯದು ಬೇರೆ ಊರಿನಂತೆ ನಗುವ ವಿಷಯವಲ್ಲ.

ವಾರ್ಡಿನಲ್ಲಿ ಒಮ್ಮೆ ಪಕ್ಕಪಕ್ಕದ ಮಂಚದ ಇಬ್ಬರನ್ನು ಹೊಸ ನರ್ಸೊಬ್ಬಳು ತಪ್ಪಾಗಿ ಕರೆದಳು. ಇಬ್ಬರಿಗೂ ಅಂದೇ ಡಿಸ್ಚಾರ್ಜು. ಒಬ್ಬನ ಮೈಯಲ್ಲಿ ಇನ್ನೊಬ್ಬ ಎದ್ದು, ಆ ಇನ್ನೊಬ್ಬನ ಮನೆಗೆ ನಡೆದು ಹೋಗಿ, ಎತ್ತಿ ತಳ್ಳಬೇಕಾದ ಬಾಗಿಲನ್ನು ಎತ್ತಿಯೇ ತಳ್ಳಿ ಒಳಗೆ ಹೋಗಿ ಊಟಕ್ಕೆ ಕೂತ. ಮಾರನೆಯ ದಿನ ಆ ಮನೆಯಾಕೆ ಬಂದು ಗಲಾಟೆ ಮಾಡಲಿಲ್ಲ. "ಮುಖ ಬೇರೆ ಅಂತ ಗೊತ್ತಾಯ್ತು ಸಿಸ್ಟರ್. ಆದ್ರೆ ಹುಳಿಗೆ ಉಪ್ಪು ಜಾಸ್ತಿ ಅಂತ ಬೈದ. ಬೈದ ಮೇಲೆ ಏನು ಹೇಳೋದು, ನಮ್ಮನೆಯವರೇ" ಎಂದಳಂತೆ. ಮನೆಗೆ ಹೋದವರಿಗೆ ಆ ದಿನದ ನೆನಪು ಇರಲಿಲ್ಲ. ಬೇರೆ ಹೆಸರಿನಲ್ಲಿ ಕಳೆದ ದಿನ ಯಾರಿಗೂ ನೆನಪಿರುವುದಿಲ್ಲ; ಬೇರೆಯವರು ಹೇಳಿದರೆ ತಿಳಿಯಬೇಕು. ಅಂದಿನಿಂದ ವಾರ್ಡಿನ ಬೆಳಗಿನ ಕರೆಗೆ ಇಬ್ಬರು ನರ್ಸುಗಳು ಹೋಗುತ್ತಾರೆ. ಅದರ ಉಸ್ತುವಾರಿ ಸೆವೆರಿನ್ ಸಿಸ್ಟರದು.

ತಪ್ಪಾದರೆ ಹೀಗೆ ಮಾಫಿ ಉಂಟು. ಬೇಕೆಂದೇ ಮಾಡಿದರೆ ಇಲ್ಲ. ಅದರಲ್ಲೂ ಸತ್ತವರ ಹೆಸರು. ಇಲ್ಲಿ ಸತ್ತರು ಎನ್ನುವುದಿಲ್ಲ, ಕರೆದರೆ ಬರಲಿಲ್ಲ ಎನ್ನುತ್ತಾರೆ. ಹಾಗೆ ಬಾರದವರ ಹೆಸರನ್ನು ಬಿಸಿಲೇರುವವರೆಗೆ ಯಾರೂ ನಾಲಿಗೆಗೆ ತರಬಾರದು. ತಂದವರನ್ನು ಬೀದಿಯವರು ಕರೆಯುವುದನ್ನು ನಿಲ್ಲಿಸುತ್ತಾರೆ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಮಾರನೆಯ ಬೆಳಿಗ್ಗೆ ಕರೆ ಅವರ ಮನೆಯನ್ನು ದಾಟಿ ಮುಂದಕ್ಕೆ ಹೋಗುತ್ತದೆ, ಅಷ್ಟೆ. ನಮ್ಮ ಆಸ್ಪತ್ರೆಗೆ ಒಂದು ಹಿಂದಿನ ಜಗಲಿ ಇದೆ. ಕರೆಯದೆ ಬಿಟ್ಟವರು ಅಲ್ಲಿರುತ್ತಾರೆ. ತುತ್ತು ಬಾಯಿಗಿಟ್ಟರೆ ನುಂಗುತ್ತಾರೆ, ಕೈ ಹಿಡಿದರೆ ನಡೆಯುತ್ತಾರೆ. ಸಂಜೆ ಬೆಳಕು ಅವರ ಮುಖದ ಮೇಲೆ ಬೀಳುವಾಗ ಎಲ್ಲರೂ ಒಟ್ಟಿಗೆ ಕಣ್ಣು ಕಿರಿದು ಮಾಡುತ್ತಾರೆ. ನಾನು ಆ ಕಡೆಯ ಕಿಟಕಿಗೆ ಪರದೆ ಹಾಕಿಸಿದ್ದೇನೆ.

ಒಂದು ಶುಕ್ರವಾರ ಆಸ್ಪತ್ರೆಗೆ ಹೋದಾಗ ಸೆವೆರಿನ್ ಸಿಸ್ಟರ್, "ಹುಷಾರಾದ್ರಾ ಮೇಡಂ?" ಎಂದರು.

"ನನಗೇನಾಗಿತ್ತು?"

"ನಿನ್ನೆ ಬರ್ಲಿಲ್ಲ. ಫೋನ್ ಮಾಡಿದ್ರೆ ಯಾರೋ ಎತ್ತಿ, 'ಡಾಕ್ಟ್ರು ಇಲ್ಲ' ಅಂತ ಇಟ್ರು. ನಿಮ್ಮ ನೆಂಟ್ರು ಅಂದ್ಕೊಂಡೆ. ದನಿ ನಿಮ್ಮದೇ ತರ ಇತ್ತು. ಆದ್ರೆ ಅವ್ರು ನಗ್ತಾ ಮಾತಾಡಿದ್ರು."

ನಾನು ಒಂಟಿ. ನೆಂಟರು ಯಾರೂ ಬರುವುದಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿ ಕೂತೆ. ಬುಧವಾರದ ರಾತ್ರಿ ಮಲಗಿದ್ದು ನೆನಪಿತ್ತು, ಎದ್ದಾಗ ಶುಕ್ರವಾರ. ನಡುವೆ ಏನೂ ಇಲ್ಲ. ಕೈ ಮೂಸಿ ನೋಡಿದೆ. ಬೆರಳುಗಳಿಗೆ ಮರುಗದ ವಾಸನೆ. ಬಲಗೈ ತೋರುಬೆರಳಿನ ಮೇಲೆ ಸಣ್ಣ ಗೀರು, ನಾರಿನಿಂದ ಹೂ ಕಟ್ಟುವವರಿಗೆ ಬೀಳುವಂಥದು. ನನಗೆ ಹೂ ಕಟ್ಟಲು ಬರುವುದಿಲ್ಲ.

ಆಮೇಲೆ ನಾನು ನನ್ನನ್ನೇ ರೋಗಿಯಂತೆ ನೋಡತೊಡಗಿದೆ. ಮುಂದಿನ ವಾರವೂ ಗುರುವಾರ ಇರಲಿಲ್ಲ, ಅದರ ಮುಂದಿನ ವಾರವೂ. ಶುಕ್ರವಾರ ಎದ್ದರೆ ಬೈತಲೆ ಬೇರೆ ಕಡೆಗಿರುತ್ತಿತ್ತು. ಅಡುಗೆಮನೆಯಲ್ಲಿ ನಾನು ಮಾಡದ ತಂಬಿಟ್ಟು ತಟ್ಟೆ ಮುಚ್ಚಿ ಇಟ್ಟಿರುತ್ತಿತ್ತು. ದಿಂಬಿಗೆ ಮೆಂತ್ಯದ ಎಣ್ಣೆಯ ವಾಸನೆ. ಹೆಚ್ಚು ಹೆದರಿಸಿದ್ದು ಇವಲ್ಲ. ಶುಕ್ರವಾರಗಳಂದು ನನ್ನ ಭುಜ ಹಗುರಾಗಿರುತ್ತಿತ್ತು. ಇಡೀ ದಿನ ಯಾರೋ ನನ್ನ ಮೈಯನ್ನು ಹೆದರದೆ ಬಳಸಿದ್ದರು. "ಗುರುವಾರ ರಜ ಹಾಕೋದು ನಿಮಗೆ ಒಗ್ಗಿದೆ ಮೇಡಂ, ಮುಖ ತಿಳಿಯಾಗಿದೆ" ಎಂದು ಸಿಸ್ಟರ್ ಹೇಳಿದಾಗ ನಾನು ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದೆ.

ನನ್ನನ್ನು ಕರೆಯುವವರು ಒಬ್ಬರೇ. ಹಾಗಾಗಿ ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಆದರೂ ಮೊದಲು ತಲೆಗೆ ಬಂದದ್ದು ವೈದ್ಯೆಯ ಯೋಚನೆ. ಎಪ್ಪತ್ತು ದಾಟಿದ ವಯಸ್ಸು, ಹೆಸರು ತಪ್ಪುತ್ತಿದೆ, ಮರೆವಿನ ಕಾಯಿಲೆಯ ಆರಂಭ ಇರಬೇಕು. ಹಾಗಿದ್ದರೆ ಅದು ತಪ್ಪು, ಬೇಕೆಂದು ಮಾಡಿದ್ದಲ್ಲ. ಹಾಗೇ ಇರಲಿ ಎಂದು ಆಸೆಪಟ್ಟೆ. ಬೇರೊಬ್ಬರಿಗೆ ಕಾಯಿಲೆ ಇರಲಿ ಎಂದು ಆಸೆಪಟ್ಟದ್ದು ಅದೇ ಮೊದಲು.

ಆ ವಾರ ಮಾದಪ್ಪನವರು ಆಸ್ಪತ್ರೆಗೆ ಬಂದರು. ನಮ್ಮ ಬೀದಿಯ ಹಿರಿಯರು, ಪ್ರತಿ ಬೆಳಿಗ್ಗೆ ದೇವೀರಮ್ಮನನ್ನು ಕರೆಯುವವರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು.

"ಗುರುವಾರ ಹೊತ್ತಾರೆ ಹಿತ್ಲಲ್ಲಿ ಒಂದು ಹೆಸರು ಕೇಳಿಸ್ತು ಡಾಕ್ಟ್ರೇ. ಕೇಳಿಸಬಾರದ ಹೆಸರು. ದೇವೀರಮ್ಮನ ಮಗಳದು. ಸಾವಂತ್ರಿ ಅಂತ, ನೀವು ಬರೋ ಮುಂಚೆ ಮಿದುಳು ಜ್ವರ ಬಂದು ಹೋದಳು." ಹೊರಗೆ ಬಿಸಿಲು ಚೆನ್ನಾಗಿ ಏರಿತ್ತು, ಆದರೂ ಆ ಹೆಸರು ಹೇಳುವ ಮುಂಚೆ ಕಿಟಕಿಯತ್ತ ನೋಡಿಕೊಂಡರು. "ಬೀದಿಯವರು ಕೇಳ್ತಾವ್ರೆ. ತಲೆ ನೆಟ್ಟಗಿಲ್ಲ ಅಂದ್ರೆ ವಾರ್ಡಿಗೆ ಸೇರಿಸ್ಕೊಳ್ಳಿ, ನರ್ಸಮ್ಮಂದಿರು ಕರೀತಾರೆ, ಪಾಪ. ತಲೆ ನೆಟ್ಟಗೈತೆ ಅಂದ್ರೆ..." ಅವರು ಟೋಪಿಯನ್ನು ತಿರುಗಿಸಿದರು. "ದಿನಾ ಕರೆಯೋನು ನಾನೇ. ನಿಲ್ಲಿಸಬೇಕಾದೋನೂ ನಾನೇ. ನೀವು ನೋಡಿ ಹೇಳಿ. ನೀವು ಹೇಳಿದ್ದಕ್ಕೆ ನಾನು ಎದುರಾಡಲ್ಲ."

ಬುಧವಾರ ಸಂಜೆ ದೇವೀರಮ್ಮನ ಮನೆಗೆ ಹೋದೆ. ಅವರು ನಡುಮನೆಯಲ್ಲಿ ಕಾಲು ಚಾಚಿ ಕೂತು ಕಾಕಡ ಹೂ ಬಿಡಿಸುತ್ತಿದ್ದರು. ಪಕ್ಕದ ಬಟ್ಟಲಿನಲ್ಲಿ ಬಾಳೆಯ ನಾರು ನೆನೆದಿತ್ತು. ನಾನು ಕೈಚೀಲದಿಂದ ಕಾಗದ ಪೆನ್ಸಿಲು ತೆಗೆದದ್ದನ್ನು ನೋಡಿ ನಕ್ಕರು.

"ಪರೀಕ್ಷೆಯಾ? ಮಾದಪ್ಪ ಕಳಿಸಿದನಾ?"

"ನಾನೇ ಬಂದೆ. ಐದು ಪದ ಹೇಳ್ತೀನಿ, ಆಮೇಲೆ ಕೇಳ್ತೀನಿ, ನೆನಪಿಟ್ಟುಕೊಳ್ಳಿ. ಸೇರು, ಹಸಿರು, ಕತ್ತರಿ, ಅತ್ತಿಗೆ, ಸೇತುವೆ."

"ನಿನ್ನ ಸೇತುವೆ ಮೇಲೆ ಅತ್ತಿಗೆ ಯಾಕೆ ಬಂದಳು ಕತ್ತರಿ ಹಿಡ್ಕೊಂಡು?"

ಗಡಿಯಾರ ಬರೆಯಲು ಹೇಳಿದೆ. ನಡುಗದ ಕೈಯಿಂದ ದುಂಡಗೆ ಬರೆದು, ಅಂಕಿಗಳನ್ನೆಲ್ಲ ತಮ್ಮ ತಮ್ಮ ಜಾಗದಲ್ಲಿಟ್ಟು, ಮುಳ್ಳುಗಳನ್ನು ಬೆಳಗಿನ ಕರೆಯ ಹೊತ್ತಿಗೆ ನಿಲ್ಲಿಸಿದರು. ಇವತ್ತು ಯಾವ ವಾರ ಎಂದೆ.

"ಬುಧವಾರ. ನಾಳೆ ಗುರುವಾರ. ನಿನಗೆ ಗೊತ್ತಿರಲಿ ಅಂತ ಹೇಳ್ದೆ." ಅವರು ಕಣ್ಣೆತ್ತಲಿಲ್ಲ. "ಸೇರು, ಹಸಿರು, ಕತ್ತರಿ, ಅತ್ತಿಗೆ, ಸೇತುವೆ. ಇನ್ನೇನು?"

ಪೆನ್ಸಿಲು ಒಳಗಿಟ್ಟೆ. ಕಾಯಿಲೆ ಇರಲಿಲ್ಲ. ನನ್ನ ವೃತ್ತಿಯಲ್ಲಿ ಅಷ್ಟು ಚೊಕ್ಕವಾದ ತಲೆಯನ್ನು ಆ ವಯಸ್ಸಿನಲ್ಲಿ ಕಂಡದ್ದು ಕಡಿಮೆ. "ಯಾಕೆ ದೇವೀರಮ್ಮ?" ಎಂದೆ. "ಅದು ನನ್ನ ದಿನ. ನನ್ನ ಮೈ."

ಅವರು ಹೂವಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಮಗು ಹುಟ್ಟಿದಾಗಿನಿಂದ ದಿನಾ ಬೆಳಿಗ್ಗೆ ಕರೆದೆ ಕಣಮ್ಮಾ. ಒಂದು ಗುರುವಾರ ಕರೆದೆ, ಬರಲಿಲ್ಲ. ಮತ್ತೆ ಕರೆದೆ, ಬರಲಿಲ್ಲ. ಅವಳು ಹೋದಳು ಸರಿ. ಆ ಕರೆ ಎಲ್ಲಿಗೆ ಹೋಗಬೇಕು? ನನ್ನ ಬಾಯಲ್ಲೇ ಉಳಿದುಹೋಯ್ತು. ಇಷ್ಟು ವರ್ಷ ಬೆಳಗಾದರೆ ಬಾಯಿ ಬಿಗಿಹಿಡಿದೆ. ನಿನ್ನನ್ನ ಕರೆಯೋ ಕೆಲಸ ಬಂದ ಮೇಲೆ ಒಂದು ದಿನ ಅದೇ ಹೊರಗೆ ಬಂತು. ಮೊದಲನೇ ಸಲ ನಿಜವಾಗ್ಲೂ ತಪ್ಪಿ ಬಂತು." ನೆಲಕ್ಕೆ ಬಿದ್ದಿದ್ದ ಒಂದು ಮೊಗ್ಗನ್ನು ತಟ್ಟೆಗೆ ಹಾಕಿದರು. "ಎರಡನೇ ಸಲ ಅಲ್ಲ."

"ನಾನು ಮಾದಪ್ಪನವರಿಗೆ ಹೇಳಬೇಕು."

"ಹೇಳು. ಸುಳ್ಳು ಹೇಳು ಅಂತ ನಾನು ಕೇಳಲ್ಲ." ಬಾಗಿಲವರೆಗೂ ಬಂದರು. "ಅವಳು ನಿನ್ನ ಮೈಯನ್ನ ಚೆನ್ನಾಗಿ ನೋಡ್ಕೋತಾಳೆ. ನೀನು ಊಟ ಸರಿಯಾಗಿ ಮಾಡಲ್ಲ ಅಂತ ಬೈತಿದ್ದಳು."

ಆ ರಾತ್ರಿಯ ಜಾಗರ ನನ್ನ ಸರದಿಯಾಗಿತ್ತು. ಹಾಗಾಗಿ ಮಲಗುವ ಭಯವಿರಲಿಲ್ಲ. ಬೆಳಕು ಹರಿದಾಗ ಮೊದಲ ಮನೆಯವರನ್ನು ಕರೆದೆ, ಆಮೇಲೆ ಮಾದಪ್ಪನವರಿಗೆ, "ದೇವೀರಮ್ಮನನ್ನು ಇವತ್ತು ನಾನೇ ಕರೀತೀನಿ. ಪರೀಕ್ಷೆಯ ಕೊನೆಯ ಭಾಗ ಇದೆ" ಎಂದೆ. ಅವರು ತಲೆಯಾಡಿಸಿದರು. ಅವರ ಕಣ್ಣು ಕೆಂಪಾಗಿತ್ತು.

ಒಳಗೆ ಹೋಗಿ ಮಂಚದ ಪಕ್ಕ ಕೂತೆ. ದೇವೀರಮ್ಮ ಕಣ್ಣು ಬಿಟ್ಟಿದ್ದರು. ನನ್ನನ್ನು ನೋಡಿದರು, ಕಿಟಕಿಯನ್ನು ನೋಡಿದಂತೆಯೇ ನನ್ನನ್ನೂ ನೋಡಿದರು. ಎಷ್ಟೋ ಮುಖಗಳನ್ನು ಈ ಹೊತ್ತಿನಲ್ಲಿ ನೋಡಿದ್ದೆ, ಆದರೆ ಪಕ್ಕದಲ್ಲಿ ಹೆಸರು ಹಿಡಿದು ನಿಂತ ಮನೆಯವರು ಇರದ ಮುಖವನ್ನು ನೋಡಿರಲಿಲ್ಲ. ಇವತ್ತು ಹೆಸರು ನನ್ನ ಬಾಯಲ್ಲೇ ಇತ್ತು. ನಾನು ಕಾದೆ. ಕರೆಯದೆಯೂ ಎದ್ದು ಹೋಗಬಹುದಿತ್ತು, ಅದನ್ನೂ ಯೋಚಿಸಿದೆ. ಆಗ ಎಲ್ಲ ಮುಗಿಯುತ್ತಿತ್ತು, ನನ್ನ ಗುರುವಾರ ನನಗೆ ಸಿಗುತ್ತಿತ್ತು, ಹಿಂದಿನ ಜಗಲಿಯಲ್ಲಿ ಇನ್ನೊಂದು ಮುಖ ಬೆಳಕಿಗೆ ಕಣ್ಣು ಕಿರಿದು ಮಾಡುತ್ತಿತ್ತು.

ಹೊರಗೆ ಹಾಲಿನವನ ಸೈಕಲ್ಲು ಹೋಯಿತು. ಬಿಸಿಲು ಕಿಟಕಿಯಿಂದ ಇಳಿದು ಅವರ ಕಾಲಿನ ಮೇಲೆ ಬಂತು. ಆಗ ಅವರ ತುಟಿ ಅಲುಗಿತು. ಗಂಟಲು ಸರಿ ಮಾಡಿಕೊಳ್ಳದೆ, ಯಾರದೋ ದೂರದ ದನಿಯಂತೆ, "ಸಾವಂತ್ರೀ" ಎಂದರು.

ಆ ಹೊತ್ತಿನಲ್ಲಿ ಅವರು ದೇವೀರಮ್ಮ ಅಲ್ಲ, ಯಾರ ತಾಯಿಯೂ ಅಲ್ಲ. ಅವರಿಗೆ ಅವರ ಹೆಸರೇ ಇರಲಿಲ್ಲ. ಆದರೂ ಒಳಗೆ ಒಂದು ಕರೆ ಇತ್ತು. ನಮ್ಮ ಪ್ರೊಫೆಸರು ಹೇಳಿದ್ದು ಸುಳ್ಳು. ಬೀಗ ತೆಗೆಯುವ ಮುಂಚಿನ ಆಫೀಸಿನಲ್ಲಿ ಯಾರೋ ಕೂತು ಇನ್ನೊಬ್ಬರನ್ನು ಕರೆಯುತ್ತಿರುತ್ತಾರೆ. ಇಷ್ಟು ವರ್ಷ ಹುಡುಕಿದ್ದು ನನ್ನ ಕಣ್ಣ ಮುಂದಿತ್ತು, ತಂತಿಯೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಹಾಗಾದರೆ ನನ್ನೊಳಗೆ ಆ ಹೊತ್ತಿನಲ್ಲಿ ಯಾರ ಹೆಸರು ಇರುತ್ತದೆ ಎಂದು ಕೇಳಿಕೊಂಡೆ. ಯಾರದೂ ಇಲ್ಲದಿರಬಹುದು ಎನ್ನಿಸಿದಾಗ ಆ ಕೋಣೆ ತಣ್ಣಗಾಯಿತು.

ಅವರು ಮತ್ತೆ ಕರೆದರು. ನಾನು ರಾತ್ರಿ ಕಣ್ಣು ಮುಚ್ಚಿರಲಿಲ್ಲ; ಆ ಕರೆಗೆ ನನ್ನೊಳಗೆ ಹಿಡಿಯಲು ಜಾಗವಿರಲಿಲ್ಲ. ಪೂರ್ತಿ ಎಚ್ಚರದ ಇಂದುಮತಿಯಾಗಿಯೇ ನಾನು, "ಓ ಅಮ್ಮಾ" ಎಂದೆ.

ಅವರ ಮುಖದಲ್ಲಿ ಏನೋ ಸಡಿಲವಾಯಿತು. ಕೂಡಲೇ ನಾನು, "ದೇವೀರಮ್ಮಾ" ಎಂದು ಕರೆದೆ. ಅವರು ಎದ್ದು ಕೂತು, ಕಾಲ ಮೇಲಿನ ಬಿಸಿಲು ನೋಡಿ, ಆಮೇಲೆ ನನ್ನನ್ನು ನೋಡಿದರು.

"ಇಷ್ಟು ತಡ ಮಾಡಿದೆಯಾ? ನಾನು ಏನಾದ್ರೂ ಅಂದೆನಾ?"

"ಇಲ್ಲ."

"ಸುಳ್ಳು ಹೇಳೋಕೆ ಬರಲ್ಲ ನಿನಗೆ. ಕಾಫಿ ಕುಡಿದು ಹೋಗು."

ಮಾದಪ್ಪನವರಿಗೆ, ವಯಸ್ಸಿನ ಮರೆವು, ಹೆಚ್ಚೇನಿಲ್ಲ, ಅಂಥವರಿಗೆ ಮನೆ ಬಿಡಿಸಬಾರದು ಎಂದೆ. "ಅವರು ಕರೆಯೋದು ನನ್ನೊಬ್ಬಳನ್ನೇ. ಒಂದು ದಿನ ಹೆಸರು ತಪ್ಪಿದರೆ ನನ್ನ ತಕರಾರಿಲ್ಲ." ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಟೋಪಿ ಹಾಕಿಕೊಂಡು, "ನಿಮ್ಮ ತಲೆ ನೆಟ್ಟಗೈತಾ ಅಂತ ಯಾರನ್ನ ಕೇಳೋದು ಡಾಕ್ಟ್ರೇ?" ಎಂದು ನಕ್ಕು ಹೊರಟುಹೋದರು. ಅವರ ನಗುವಿನಲ್ಲಿ ಬಿಡುಗಡೆಯಿತ್ತು.

ಆಮೇಲೆ ಗುರುವಾರ ಸಾವಂತ್ರಿಯದಾಯಿತು. ಬಾಯಿಬಿಟ್ಟು ಯಾರೂ ಮಾತಾಡಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ವಾರಕ್ಕೊಂದು ರಜೆ ಕೇಳಿ ಪಡೆದೆ. ಬುಧವಾರ ಮಲಗುವ ಮುಂಚೆ ಅಡುಗೆಮನೆಯಲ್ಲಿ ಬಟ್ಟಲಿಗೆ ನೀರು ಹಾಕಿ ಬಾಳೆಯ ನಾರು ನೆನೆಯಲು ಇಟ್ಟು ಮಲಗುತ್ತಿದ್ದೆ. ಶುಕ್ರವಾರ ಎದ್ದರೆ ನನಗಾಗಿ ಏನಾದರೂ ಇರುತ್ತಿತ್ತು. ಒಮ್ಮೆ ಮುಚ್ಚಿಟ್ಟ ಹುಗ್ಗಿ, ಒಮ್ಮೆ ಕಿತ್ತುಹೋದ ಗುಂಡಿ ಹೊಲಿದ ನನ್ನ ಬಿಳಿ ಕೋಟು. ಅವಳ ಹೊಲಿಗೆ ನೇರವಾಗಿತ್ತು. ನಾನು ಎಂದೂ ನೋಡಲಾಗದ, ನನ್ನನ್ನು ಎಂದೂ ನೋಡಲಾಗದ ಒಬ್ಬಳ ಜೊತೆ ಮನೆ ಹಂಚಿಕೊಂಡಂತೆ ಇತ್ತು. ಒಳ್ಳೆಯವಳೇ ಎಂದುಕೊಳ್ಳುತ್ತಿದ್ದೆ. ಆದರೂ ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳುವಾಗ ಏನು ಯೋಚಿಸುತ್ತಾಳೋ ಎಂದು ಆಗಾಗ ಅನ್ನಿಸುತ್ತಿತ್ತು.

ಇವತ್ತು ಬೆಳಿಗ್ಗೆ ಹಿತ್ತಿಲ ಗೋಡೆಯಾಚೆಯಿಂದ, "ಇಂದುಮತೀ" ಎಂದು ಕೇಳಿಸಿತು. ದನಿಯಲ್ಲಿ ಹಿಂಜರಿಕೆ ಇತ್ತು. ಎದ್ದು ಕೋಟು ಹಾಕಿಕೊಳ್ಳುವಾಗ ಫೋನಿನ ಮೇಲೆ ಕಣ್ಣು ಬಿತ್ತು. ಸೆವೆರಿನ್ ಸಿಸ್ಟರ್ ಬಹಳ ಸಲ ಕರೆ ಮಾಡಿದ್ದರು. ಶನಿವಾರವಾಗಿತ್ತು.

ಹಿತ್ತಿಲಿಗೆ ಹೋದೆ. ದೇವೀರಮ್ಮ ಇನ್ನೂ ಗೋಡೆಯ ಹತ್ತಿರವೇ ನಿಂತಿದ್ದರು.

"ಶುಕ್ರವಾರವೂ ಕರೆದಿರಾ?"

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. ನಾನು ಮೊದಲ ಬಾರಿಗೆ ಅವರ ಮುಖದಲ್ಲಿ ಭಯ ನೋಡಿದೆ. "ನಾನಾಗಿ ಅಲ್ಲ ಕಣಮ್ಮಾ. ಗುರುವಾರ ರಾತ್ರಿ ಮಲಗೋ ಮುಂಚೆ ಅವಳೇ ಕೇಳಿದಳು. ನಾಳೆಯೂ ನನ್ನನ್ನೇ ಕರಿ ಅಂತ."

"ನಿನ್ನೆ ರಾತ್ರಿ?"

"ನಿನ್ನೆಯೂ ಕೇಳಿದಳು. ನಾನು ಹೂಂ ಅಂದೆ. ಅನ್ನದೆ ಮಲಗಲಿಲ್ಲ ಅವಳು." ಗೋಡೆಯ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆದರು. "ಹೂಂ ಅಂದು, ಬೆಳಿಗ್ಗೆ ನಿನ್ನನ್ನ ಕರೆದೆ. ಇವತ್ತು ಕರೆದೆ."

ಒಳಗೆ ಬಂದು, ಆಸ್ಪತ್ರೆಗೆ ಹೊರಡುವ ಮುಂಚೆ ರೆಗ್ಯುಲೇಟರ್ ಮುಟ್ಟಿ ನೋಡಲು ಅಡುಗೆಮನೆಗೆ ಹೋದೆ. ಒಲೆಯ ಪಕ್ಕದಲ್ಲಿ ಬಟ್ಟಲಿತ್ತು. ಅದರಲ್ಲಿ ನಾನು ಇಡದ ಹೊಸ ನಾರು ನೆನೆದಿತ್ತು, ಇಂದಿಗೆಂದು.